‘ಗಾಳಿ ಬಡದಿತ್ತು’ ಅಂತ ನಾನು ಹೇಳಲೇ ಇಲ್ಲ

ಹೋದ ವರ್ಷ ನವೆಂಬರ್ 1ಕ್ಕೆ ನಾನು ಫಸ್ಟ್ ಸೆಮ್‌ನಲ್ಲಿದ್ದೆ. ಕೊರಳಿಗೆ ಹಳದಿ-ಕೆಂಪು ಶಾಲು ಹಾಕ್ಕೊಂಡು, ಭುವನೇಶ್ವರಿ ಫೋಟೋ ಮುಂದೆ ನಿಂತು ಸ್ಟೇಟಸ್ ಇಟ್ಟಿದ್ದೆ. ಅದಾಗಿ ಹತ್ತು ದಿನಕ್ಕೆ ನಮ್ಮ ಚಿಗವ್ವನ್ನ ಕರ್ಕೊಂಡು ಗಡಿ ಆಚೆ ಇರೋ ಒಂದು ದೊಡ್ಡ ದವಾಖಾನೆಗೆ ಹೋದೆ. ಅಲ್ಲಿನ ಡಾಕ್ಟರಿಗೆ ಕನ್ನಡ ಬರ್ತಿರಲಿಲ್ಲ, ಚಿಗವ್ವಗೆ ಕನ್ನಡ ಬಿಟ್ಟು ಬೇರೆ ಬರ್ತಿರಲಿಲ್ಲ. ನಡುವೆ ನಾನು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ‘ಇಂವ ಜೋಡಿ ಇದ್ರ ಚಿಂತಿಲ್ಲ’ ಅಂತ ಮನೆಯವರು ಕಳಿಸಿದ್ದರು.

ಅವತ್ತು ಚಿಗವ್ವ ಹೇಳಿದ್ದರಲ್ಲಿ ಎರಡು ಮಾತನ್ನು ನಾನು ಡಾಕ್ಟರಿಗೆ ಹೇಳಲೇ ಇಲ್ಲ. ಇನ್ನೊಂದು ಮಾತನ್ನು ತಪ್ಪಾಗಿ ಹೇಳಿದೆ. ಆ ಮೂರು ಮಾತು ಕೂಡಿದರೇ ಅವಳ ರೋಗದ ಹೆಸರು ಆಗ್ತಿತ್ತು ಅಂತ ನನಗೆ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ.

ಅದಕ್ಕೇ ಇದನ್ನ ಬರೀತಿದೀನಿ. ನನ್ನ ವಾದ ಇಷ್ಟೇ: ಅಪರೂಪದ ರೋಗ ಪತ್ತೆ ಆಗೋಕೆ ದೊಡ್ಡ ಮಷೀನಿಗಿಂತ ಮೊದಲು ಬೇಕಾಗೋದು ರೋಗಿಯ ಮಾತು. ಪೂರ್ತಿ ಮಾತು, ತಾರೀಖಿನ ಸಮೇತ. ಆ ಮಾತನ್ನು ಡಾಕ್ಟರಿಗೆ ದಾಟಿಸೋ ಕೆಲಸ ನಮ್ಮ ಕಡೆ ಬಹಳ ಮನೆಗಳಲ್ಲಿ ನಮ್ಮಂಥ ಓದೋ ಹುಡುಗ-ಹುಡುಗಿಯರ ಪಾಲಿಗೆ ಬಂದಿದೆ. ಅದನ್ನು ನಾವು ಸರಿಯಾಗಿ ಮಾಡ್ತಾ ಇಲ್ಲ.

ತುಟಿ ಬಾತಿದ್ದು

ಚಿಗವ್ವನ ಮನೆ ತಿಕೋಟಾ ಕಡೆ. ದ್ರಾಕ್ಷಿ ಪಡ ಇದೆ, ಒಣದ್ರಾಕ್ಷಿ ಮಾಡ್ತಾರೆ. ನಾನು ಪಿಯುಸಿ ಫಸ್ಟ್ ಇಯರ್ ಇದ್ದಾಗ, ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಒಂದು ಮುಂಜಾನೆ ಎದ್ದಾಗ ಅವಳ ಮೇಲ್ದುಟಿ ಬಾತಿತ್ತು. ನೋವಿಲ್ಲ, ಕೆರೆತ ಇಲ್ಲ. ಹುಳ ಕಡಿದಿರಬೇಕು ಅಂದರು. ಮೂರು ದಿನಕ್ಕೆ ತಾನೇ ಇಳಿಯಿತು. ಎರಡು ತಿಂಗಳಿಗೆ ಮತ್ತೆ ಬಂತು, ಈ ಸಲ ಒಂದು ವಾರ ಇತ್ತು. ಆಮೇಲೆ ಬಲಗಡೆ ಗಲ್ಲವೂ ಸೇರ್ಕೊಂಡಿತು.

ಕಾರಣ ಹೇಳೋರಿಗೆ ನಮ್ಮೂರಲ್ಲಿ ಬರ ಇಲ್ಲ. ಪಡಕ್ಕೆ ಹೊಡೆಯೋ ಔಷಧ ಅಂದ್ರು. ಬದನೆಕಾಯಿ ನಂಜು ಅಂದ್ರು. ದೃಷ್ಟಿ ಅಂದ್ರು, ಉಪ್ಪು-ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದ್ರು. ಹಲ್ಲಿನ ಬೇರು ಕೆಟ್ಟಿರಬೇಕು ಅಂತ ಒಂದು ಹಲ್ಲು ಕೀಳಿಸಿದ್ರು. ಬಾವು ಇಳೀಲಿಲ್ಲ. ಇನ್ನೊಂದು ಕೀಳಿಸಿದ್ರು. ಊರಲ್ಲಿ ಒಬ್ಬರು ಸೂಜಿ ಮಾಡೋರಿದ್ದರು. ಅವರ ಹತ್ತಿರ ಹೋದ್ರೆ ಎರಡು ದಿನದಾಗ ಬಾವು ಅರ್ಧಕ್ಕರ್ಧ ಇಳೀತಿತ್ತು. ‘ಅವನ ಕೈಗುಣ ಚೊಲೊ ಐತಿ’ ಅಂತ ಚಿಗವ್ವ ಮತ್ತೆ ಮತ್ತೆ ಅಲ್ಲಿಗೇ ಹೋದಳು. ಆ ಸೂಜಿಯಲ್ಲಿ ಏನಿತ್ತು ಅಂತ ಯಾವ ಚೀಟಿಯಲ್ಲೂ ಬರೆದಿರಲಿಲ್ಲ. ಕೊನೆಗೆ ರೋಗ ಹಿಡಿದ ಡಾಕ್ಟರ್ ಹೇಳಿದ್ದು, ಅದು ಸ್ಟಿರಾಯ್ಡ್ ಇರಬಹುದು ಅಂತ. ಸ್ಟಿರಾಯ್ಡ್ ಬಾವನ್ನು ಅದುಮುತ್ತದೆ. ಜೊತೆಗೆ ರೋಗದ ಗುರುತನ್ನೂ ಮುಚ್ಚಿಡುತ್ತದೆ.

ನಡುವೆ ಅಲರ್ಜಿ ಗುಳಿಗೆ ಆರು ತಿಂಗಳು ನುಂಗಿದಳು. ಟಿಬಿ ಇರಬಹುದು ಅಂತ ಒಮ್ಮೆ ಪರೀಕ್ಷೆ ಆಯ್ತು, ಇಲ್ಲ ಅಂತ ಬಂತು. ಹೀಗೆ ಎರಡು ವರ್ಷ. ಅಷ್ಟೊತ್ತಿಗೆ ಬಾವು ಪೂರ್ತಿ ಇಳಿಯೋದೇ ನಿಂತಿತ್ತು. ತುಟಿ ಮುಟ್ಟಿದರೆ ರಬ್ಬರ್ ಮುಟ್ಟಿದಂಗೆ. ಚಿಗವ್ವ ಮಾತಾಡುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳೋಕೆ ಶುರು ಮಾಡಿದಳು. ಮದುವೆ-ಮುಂಜಿವೆಗೆ ಬರೋದು ಬಿಟ್ಟಳು.

ನಾನು ನುಂಗಿದ ಮಾತು

ವಿಜಯಪುರದವರಿಗೆ ಮಿರಜ್, ಸಾಂಗ್ಲಿ, ಸೊಲ್ಲಾಪುರ ಹೊಸವಲ್ಲ. ನಮ್ಮ ಮುತ್ಯಾನ ಕಾಲದಿಂದಲೂ ದೊಡ್ಡ ಬೇನೆ ಬಂದ್ರೆ ಆ ಕಡೆ ಬಸ್ ಹತ್ತೋದು ರೂಢಿ. ಹಾಗೇ ನಾವೂ ಹೋದೆವು. ಬಸ್ಸಿನಲ್ಲಿ ಚಿಗವ್ವ ಎಲ್ಲ ಹೇಳಿದಳು, ಡಾಕ್ಟರ್ ಎದುರು ಮತ್ತೆ ಹೇಳಿದಳು.

ಒಂದನೇ ಮಾತು: ‘ಬಾವು ಬರ್ತೈತಿ, ಹೊಕ್ಕೈತಿ. ಈಗೀಗ ಹೋಗವಲ್ದು.’ ನಾನು ಡಾಕ್ಟರಿಗೆ ಹೇಳಿದ್ದು: ‘ಸ್ವೆಲಿಂಗ್ ಸಿನ್ಸ್ ಟೂ ಇಯರ್ಸ್.’ ಅಷ್ಟೇ. ಬಂದು ಹೋಗೋ ಬಾವು ಬೇರೆ, ಎರಡು ವರ್ಷದಿಂದ ಕೂತ ಬಾವು ಬೇರೆ, ಬಂದು ಹೋಗ್ತಾ ಹೋಗ್ತಾ ಕೂತುಬಿಟ್ಟ ಬಾವು ಇನ್ನೂ ಬೇರೆ. ಚಿಗವ್ವ ಮೂರು ಸಣ್ಣ ಕ್ರಿಯಾಪದದಲ್ಲಿ ಕೊಟ್ಟ ಗ್ರಾಫನ್ನು ನಾನು ಒಂದು ಚುಕ್ಕಿ ಮಾಡಿಬಿಟ್ಟೆ.

ಎರಡನೇ ಮಾತು: ‘ನಾಲಗಿ ನೋಡ್ರಿ, ಬ್ಯಾಸಗ್ಯಾಗ ಎರಿ ಹೊಲ ಬಿರಕ ಬಿಟ್ಟಂಗ ಆಗೈತಿ. ಖಾರ ತಿಂದ್ರ ಉರೀತೈತಿ.’ ಇದನ್ನು ನಾನು ಹೇಳಲಿಲ್ಲ. ನಾವು ಬಂದಿದ್ದು ಮುಖದ ಬಾವಿಗೆ, ನಾಲಗೆ ವಿಷಯ ಯಾಕೆ, ಹೊರಗೆ ಎಪ್ಪತ್ತು ಜನ ಕೂತಿದಾರೆ ಅಂತ ಅನ್ನಿಸಿತು.

ಮೂರನೇ ಮಾತು: ‘ಎರಡನೇ ಬಾಣಂತನದಾಗ ನನಗ ಒಮ್ಮೆ ಗಾಳಿ ಬಡದಿತ್ತು.’ ಇದನ್ನು ನಾನು ಹೇಳಲಿಲ್ಲ, ಯಾಕಂದ್ರೆ ನಾಚಿಕೆ ಆಯ್ತು. ಗಾಳಿ ಅಂದ್ರೆ ನನ್ನ ತಲೆಯಲ್ಲಿ ದೆವ್ವ-ಪೀಡೆ. ಇಂಗ್ಲಿಷಿನಲ್ಲಿ ಮಾತಾಡೋ ಡಾಕ್ಟರ್ ಎದುರು ‘ಶಿ ವಾಸ್ ಹಿಟ್ ಬೈ ವಿಂಡ್’ ಅಂತ ಹೇಳಲಾ? ‘ನಥಿಂಗ್ ಎಲ್ಸ್ ಸರ್’ ಅಂದೆ. ಚಿಗವ್ವ ನನ್ನ ಮುಖ ನೋಡಿದಳು. ಹೇಳಿದಾನೆ ಅಂತ ನಂಬಿದಳು.

ತುಟಿಯಿಂದ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ರಿಪೋರ್ಟಿನಲ್ಲಿ ನೀರು ತುಂಬಿದ ಬಾವು, ನಿರ್ದಿಷ್ಟ ಅಲ್ಲದ ಉರಿಯೂತ ಅಂತ ಬಂತು. ಹತ್ತು ದಿನದ ಹಿಂದೆ ಊರಲ್ಲಿ ಸೂಜಿ ಮಾಡಿಸಿಕೊಂಡಿದ್ದಳು ಅನ್ನೋದೂ ಆ ಡಾಕ್ಟರಿಗೆ ಗೊತ್ತಿರಲಿಲ್ಲ. ಮತ್ತೆ ಅಲರ್ಜಿ ಗುಳಿಗೆ ಬರೆದರು. ಅವರ ತಪ್ಪು ಅಂತ ನಾನು ಹೇಳಲ್ಲ. ಇನ್‌ಪುಟ್ ತಪ್ಪಿದ್ರೆ ಔಟ್‌ಪುಟ್ ಎಲ್ಲಿಂದ ಸರಿ ಬರಬೇಕು?

ಬಬಲೇಶ್ವರದ ಆಯಿ

ಈ ವರ್ಷ ಜೂನ್ ಕೊನೆಯಲ್ಲಿ ಬಬಲೇಶ್ವರಕ್ಕೆ ಹೋಗಿದ್ದೆ. ಅದು ನಮ್ಮವ್ವಗೂ ಚಿಗವ್ವಗೂ ತವರು. ಊಟಕ್ಕೆ ಕೂತಾಗ ಆಯಿ ಚಿಗವ್ವನ ಸುದ್ದಿ ತೆಗೆದಳು. ‘ಅಕಿ ಮಾರಿಗಿ ಇದು ಎರಡನೇ ಸಲ ಬಂದ ಗಂಡಾಂತರ’ ಅಂದಳು. ಏನು ಮೊದಲನೇದು ಅಂತ ಕೇಳಿದೆ.

‘ಗಾಳಿ ಬಡದಿತ್ತಲ್ಲೋ ತಮ್ಮಾ. ಬಾಯಿ ಹಿಂಗ ಒಂದ್ ಕಡೆ ವಾಲಿತ್ತು. ಒಂದ್ ಕಣ್ಣು ಮುಚ್ಚಾಕ ಬರ್ತಿದ್ದಿಲ್ಲ. ನೀರ್ ಕುಡದ್ರ ಸ್ವಾರ್ಯಾಗಿಂದ ಸೋರ್ತಿತ್ತು. ಒಂದೂವರಿ ತಿಂಗಳಿಗಿ ತಾನೇ ಸರಿ ಆತು.’

ನನ್ನ ಕೈಯಾಗಿನ ರೊಟ್ಟಿ ಅಲ್ಲೇ ನಿಂತಿತು. ಅದು ದೆವ್ವ ಅಲ್ಲ, ಮುಖದ ನರದ ಪಾರ್ಶ್ವವಾಯು. ನಮ್ಮ ಹಿರಿಯರು ಅದಕ್ಕೆ ಗಾಳಿ ಅಂತಾರೆ. ಕಣ್ಣು, ಬಾಯಿ, ಎಷ್ಟು ದಿನ, ಹೇಗೆ ವಾಸಿ ಆಯ್ತು ಅನ್ನೋದನ್ನೆಲ್ಲ ಆಯಿ ಒಂದು ಕೇಸ್ ಶೀಟಿನಂತೆ ಹೇಳಿದಳು. ಶಾಲೆ ಮೆಟ್ಟಿಲು ಹತ್ತದ ಆಯಿ ರೋಗದ ವಿವರ ಸರಿಯಾಗಿ ಇಟ್ಟಿದ್ದಳು. ಹದಿನಾಲ್ಕು ವರ್ಷ ಓದಿದ ನಾನು ಅದನ್ನು ಮೂಢನಂಬಿಕೆ ಅಂತ ಅಳಿಸಿ ಹಾಕಿದ್ದೆ.

ಮುಂದಿನ ವಾರ ವಿಜಯಪುರದಲ್ಲೇ ಒಬ್ಬರು ಹಿರಿಯ ಚರ್ಮರೋಗದ ಡಾಕ್ಟರಮ್ಮನ ಹತ್ತಿರ ಹೋದೆವು. ಈ ಸಲ ಮಾತೆಲ್ಲ ಕನ್ನಡದಲ್ಲೇ ನಡೀತು. ಅವರು ರಿಪೋರ್ಟ್ ನೋಡೋ ಮೊದಲು ‘ನಾಲಗಿ ತೋರಸವ್ವ’ ಅಂದರು. ಆಮೇಲೆ ‘ಹಿಂದ ಯಾವಾಗರ ಬಾಯಿ ವಾಲಿತ್ತೇನು?’ ಅಂತ ಕೇಳಿದರು. ಚಿಗವ್ವ ನನ್ನ ಕಡೆ ತಿರುಗಿ, ‘ಇಂವ ಆವತ್ತ ಹೇಳ್ಯಾನಲ್ರಿ’ ಅಂದಳು. ಆ ಕ್ಷಣ ನಾನು ಎಲ್ಲಿ ನೋಡಬೇಕು ಅಂತ ತಿಳೀಲಿಲ್ಲ.

ರೋಗದ ಹೆಸರು

ಹೆಸರು ಮೆಲ್ಕರ್ಸನ್-ರೋಸೆಂಥಾಲ್ ಸಿಂಡ್ರೋಮ್. 1928ರಲ್ಲಿ ಸ್ವೀಡನ್ನಿನ ಡಾಕ್ಟರ್ ಅರ್ನ್‌ಸ್ಟ್ ಮೆಲ್ಕರ್ಸನ್, ಮುಖದ ಬಾವು ಮತ್ತು ಮುಖದ ಪಾರ್ಶ್ವವಾಯು ಎರಡೂ ಇದ್ದ ಒಬ್ಬ ಹೆಂಗಸಿನ ಬಗ್ಗೆ ಬರೆದು, ಇವೆರಡಕ್ಕೂ ಸಂಬಂಧ ಇದೆ ಅಂದರು. 1931ರಲ್ಲಿ ಜರ್ಮನಿಯ ಕರ್ಟ್ ರೋಸೆಂಥಾಲ್ ಅದಕ್ಕೆ ಬಿರುಕು ಬಿಟ್ಟ ನಾಲಗೆಯನ್ನು ಸೇರಿಸಿದರು. ಬಾವು, ವಾಲಿದ ಬಾಯಿ, ಬಿರುಕು ನಾಲಗೆ ಅನ್ನೋ ಮೂರನ್ನು ಒಂದೇ ಸಾಲಿನಲ್ಲಿ ಬರೆಯೋಕೆ ಅವರಿಗೂ ಇಬ್ಬರು ಬೇಕಾದರು, ಮೂರು ವರ್ಷ ಹಿಡಿಯಿತು.

ತೊಂದರೆ ಏನಂದ್ರೆ, ಮೂರೂ ಒಟ್ಟಿಗೆ ಬರೋದು ಕಡಿಮೆ. ಪುಸ್ತಕಗಳು ಸಾಮಾನ್ಯವಾಗಿ ಕೊಡೋ ಲೆಕ್ಕ ನೂರರಲ್ಲಿ 8ರಿಂದ 25 ರೋಗಿಗಳು. ಬಂದರೂ ಒಂದಕ್ಕೂ ಇನ್ನೊಂದಕ್ಕೂ ನಡುವೆ ವರ್ಷಗಟ್ಟಲೆ ಅಂತರ ಇರಬಹುದು. ಚಿಗವ್ವನ ವಿಷಯದಲ್ಲಿ ಹದಿನೈದು ವರ್ಷದ ಮೇಲಿತ್ತು. ಬರೀ ತುಟಿ ಮಾತ್ರ ಬಾಯೋದೂ ಇದೆ. ಅದನ್ನು 1945ರಲ್ಲಿ ಮೀಶರ್ ಅನ್ನೋರು ಬೇರೆ ಹೆಸರಿನಲ್ಲಿ ವಿವರಿಸಿದರು. 1985ರಿಂದ ಇಂಥ ಬಾವುಗಳಿಗೆಲ್ಲ ಸೇರಿಸಿ ಓರೋಫೇಶಿಯಲ್ ಗ್ರಾನುಲೋಮಟೋಸಿಸ್ ಅನ್ನೋ ಹೆಸರೂ ಬಳಕೆಗೆ ಬಂದಿದೆ. ಹಾಗಂತ ನಾಲಗೆ ಬಿರುಕು ಇದ್ದೋರಿಗೆಲ್ಲ ಈ ರೋಗ ಅಂತ ಅಲ್ಲ. ಆರೋಗ್ಯವಾಗಿರೋ ಎಷ್ಟೋ ಜನರ ನಾಲಗೆ ಹಾಗಿರುತ್ತದೆ. ಈ ಸಾಲು ಓದಿ ಹಾಸ್ಟೆಲ್ ಕನ್ನಡಿ ಮುಂದೆ ನಿಂತು ಹೆದರಬೇಡಿ.

ಇದನ್ನು ಹಿಡಿಯೋಕೆ ಒಂದು ರಕ್ತ ಪರೀಕ್ಷೆ ಅಂತ ಇಲ್ಲ. ಇದಲ್ಲ, ಇದಲ್ಲ ಅಂತ ಒಂದೊಂದನ್ನೇ ತಳ್ಳಿ ಹಾಕ್ತಾ ಬರಬೇಕು. ನಮ್ಮ ಲ್ಯಾಬಿನಲ್ಲಿ ಸರ್ಕ್ಯೂಟ್ ಕೈ ಕೊಟ್ಟಾಗ ಸಪ್ಲೈ ನೋಡು, ವೈರ್ ನೋಡು, ಐಸಿ ನೋಡು ಅಂತ ಬರ್ತೀವಲ್ಲ, ಹಂಗೇ. ಅಲರ್ಜಿಯ ಬಾವಾದರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳೀಬೇಕು, ಹೀಗೆ ಗಟ್ಟಿ ಆಗಿ ಕೂರಬಾರದು. ಬಿಪಿಗೆ ಕೊಡೋ ಕೆಲವು ಗುಳಿಗೆಯಿಂದಲೂ ತುಟಿ ಬಾಯುತ್ತದೆ, ಹಾಗಾಗಿ ನುಂಗೋ ಗುಳಿಗೆಯೆಲ್ಲ ನೋಡಬೇಕು. ಹಲ್ಲಿನ ಕೀವು ನೋಡಬೇಕು. ಟಿಬಿ ನೋಡಬೇಕು. ಕುಷ್ಠ ನೋಡಬೇಕು. ಸಾರ್ಕಾಯ್ಡೋಸಿಸ್ ಅನ್ನೋ ರೋಗಕ್ಕೆ ಎದೆಯ ಎಕ್ಸ್‌ರೇ ನೋಡಬೇಕು. ಕರುಳಿನ ಕ್ರೋನ್ಸ್ ರೋಗ ಕೆಲವರಲ್ಲಿ ಮೊದಲು ತುಟಿಯಲ್ಲೇ ಕಾಣಿಸಿಕೊಳ್ಳಬಹುದು, ಅದಕ್ಕೆ ಹೊಟ್ಟೆನೋವು, ಭೇದಿ, ತೂಕ ಇಳಿದದ್ದು ಎಲ್ಲ ಕೇಳಬೇಕು. ಡಾಕ್ಟರಮ್ಮ ಇಷ್ಟನ್ನೂ ಕೇಳಿದರು. ನಾವು ಒಂದು ಸೀರೆ ಅಂಗಡಿ ಚೀಲದಲ್ಲಿ ತುಂಬ್ಕೊಂಡು ಹೋಗಿದ್ದ ಚೀಟಿಗಳನ್ನೆಲ್ಲ ಟೇಬಲ್ ಮೇಲೆ ಹರವಿ ತಾರೀಖಿನ ಪ್ರಕಾರ ಜೋಡಿಸಿದರು.

ಮತ್ತೆ ಬಯಾಪ್ಸಿ ಆಯ್ತು. ಈ ಸಲ ಬಾವು ಜೋರಾಗಿದ್ದಾಗ, ಸ್ವಲ್ಪ ಆಳದಿಂದ, ಸೂಜಿ-ಗೀಜಿ ಯಾವುದೂ ಮಾಡಿಸದೆ ಇದ್ದಾಗ. ಅದರಲ್ಲಿ ಗ್ರಾನುಲೋಮಾ ಸಿಕ್ಕವು. ಅಂದರೆ ದೇಹದ ರಕ್ಷಣಾ ಕಣಗಳು ಗುಂಪುಗೂಡಿ ಕಟ್ಟಿಕೊಂಡ ಸೂಕ್ಷ್ಮ ಗಂಟುಗಳು. ಟಿಬಿಯಲ್ಲಿ ಇಂಥ ಗಂಟಿನ ನಡುವೆ ಸಾಮಾನ್ಯವಾಗಿ ಸತ್ತ ಭಾಗ ಇರುತ್ತದಂತೆ, ಇಲ್ಲಿ ಇರಲಿಲ್ಲ. ಮೊದಲನೇ ಬಯಾಪ್ಸಿಯಲ್ಲಿ ಸಿಗದಿದ್ದರೆ ರೋಗ ಇಲ್ಲ ಅಂತ ಅರ್ಥ ಅಲ್ಲ ಅನ್ನೋದು ನಾನು ಕಲಿತ ದೊಡ್ಡ ಪಾಠ. ಶುರುವಿನ ಹಂತದಲ್ಲಿ ಬರೀ ನೀರಿನ ಬಾವೇ ಕಾಣಿಸಬಹುದು. ಅವತ್ತು ನಾನು ಮೂರು ಮಾತು ಸರಿಯಾಗಿ ಹೇಳಿದ್ದರೆ ಆ ಡಾಕ್ಟರ್ ಬಹುಶಃ ಅಷ್ಟಕ್ಕೇ ಬಿಡ್ತಿರಲಿಲ್ಲ.

ಕಾಲೇಜಿನ ಗೆಳೆಯರು ಕೇಳಿದ್ರು: ‘ಲೇ, ಇಷ್ಟೆಲ್ಲ ಯಾಕೆ, ಫೋಟೋ ಎಐಗೆ ಹಾಕಿದ್ರೆ ಹೇಳ್ತಿತ್ತಲ್ಲ?’ ಹಾಕಿದ್ದೆ. ಏಳು ರೋಗದ ಪಟ್ಟಿ ಕೊಟ್ಟಿತು, ಚಂದಾಗಿ. ಆದ್ರೆ ನಾಲಗೆ ಬಿರುಕು, ಹಳೇ ಪಾರ್ಶ್ವವಾಯು ಎರಡನ್ನೂ ಅದಕ್ಕೂ ನಾನು ಟೈಪ್ ಮಾಡಿರಲಿಲ್ಲ. ನಾನು ಅಮುಖ್ಯ ಅಂತ ಬಿಟ್ಟದ್ದನ್ನು ಯಾವ ಮಾಡೆಲ್ ಎಲ್ಲಿಂದ ತರಬೇಕು?

ಇನ್ನೊಂದು ರೋಗ

ಹೆಸರು ಸಿಕ್ಕ ಮೇಲೆ ಕಥೆ ಮುಗೀಲಿಲ್ಲ. ಚಿಕಿತ್ಸೆಗೆ ಬಾವಿನೊಳಗೇ ಕೊಡೋ ಸ್ಟಿರಾಯ್ಡ್ ಸೂಜಿ ಇದೆ. ಈಗ ಕೊಡೋದು ಹೆಸರು, ಪ್ರಮಾಣ, ತಾರೀಖು ಬರೆದೇ. ಅದರ ಜೊತೆ ಕ್ಲೋಫಜಿಮಿನ್ ಅನ್ನೋ ಔಷಧ ಶುರು ಮಾಡಿದರು. ಈ ರೋಗಕ್ಕೆ ಕೆಲವರಲ್ಲಿ ಅದು ಕೆಲಸ ಮಾಡುತ್ತದೆ. ಆದರೆ ಅದು ಕುಷ್ಠಕ್ಕೆ ಕೊಡೋ ಮೂರು ಔಷಧಗಳಲ್ಲೂ ಒಂದು. ಮೈಬಣ್ಣ ಸ್ವಲ್ಪ ಕಪ್ಪು-ಕೆಂಪು ಆಗ್ತದೆ. ಚೀಟಿ ನೋಡಿದ ಯಾರೋ ಮೊಬೈಲಿನಲ್ಲಿ ಹುಡುಕಿದರು. ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳು ಸಲ ಕೇಳಸ್ತದ ಅಂತಾರೆ. ಊರಾಗ ಒಮ್ಮೆ ಪಿಸುಗುಟ್ಟಿದ್ರ ಎಷ್ಟು ಸಲ ಕೇಳಸ್ತದ ಅಂತ ಯಾರೂ ಎಣಿಸಿಲ್ಲ.

ಚಿಗವ್ವನ ದೊಡ್ಡ ಮಗಳು, ನನಗೆ ಅಕ್ಕ, ಅವಳಿಗೆ ಸಂಬಂಧ ಕೂಡಿ ಬಂದಿತ್ತು. ಗಂಡಿನ ಕಡೆಯವರು ‘ದೀಪಾವಳಿ ಆಗ್ಲಿ, ನೋಡೂನು’ ಅಂದ್ರು. ಆಮೇಲೆ ಫೋನ್ ಎತ್ತೋದು ಬಿಟ್ಟರು.

ನಾನು ಸಿಟ್ಟಿನಿಂದ ಅವರ ಮನೆಗೇ ಹೋದೆ. ರಿಪೋರ್ಟ್ ತೋರಿಸಿ ‘ಇದು ಕುಷ್ಠ ಅಲ್ರಿ, ಟೆಸ್ಟ್ ಮಾಡಿಸೇವಿ, ಅಲ್ಲ ಅಂತ ಬಂದೈತಿ’ ಅಂತ ವಾದ ಮಾಡಿದೆ. ಹೊರಗೆ ಬಂದ ಮೇಲೆ ಅಕ್ಕ ಒಂದು ಮಾತು ಕೇಳಿದಳು: ‘ಹೌದಾಗಿದ್ರ ಏನ್ ಹೇಳ್ತಿದ್ದಿ?’

ಉತ್ತರ ಇರಲಿಲ್ಲ. ಕುಷ್ಠಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ ಹ್ಯಾನ್ಸೆನ್ ಕಂಡುಹಿಡಿದಿದ್ದು 1873ರಲ್ಲಿ. ಔಷಧ ಇದೆ, ಸರ್ಕಾರಿ ದವಾಖಾನೆಗಳಲ್ಲಿ ಪುಕ್ಕಟೆ ಕೊಡ್ತಾರೆ, ಪೂರ್ತಿ ವಾಸಿ ಆಗುತ್ತದೆ. ಆದರೂ ಕುಷ್ಠ ಇದ್ದರೆ ವಿಚ್ಛೇದನ ಕೇಳಬಹುದು ಅನ್ನೋ ಕಲಮು ನಮ್ಮ ದೇಶದ ಕಾನೂನಿನಿಂದ ಹೋಗಿದ್ದು 2019ರಲ್ಲಿ. ನಾನು ‘ಕುಷ್ಠ ಅಲ್ಲ’ ಅಂತ ಕೂಗಿದಾಗ ‘ಇದ್ದಿದ್ರೆ ನೀವು ಮಾಡಿದ್ದು ಸರಿ’ ಅಂತ ಒಪ್ಪಿಕೊಂಡ ಹಾಗೇ ಆಯ್ತು. ಚಿಗವ್ವನ ರೋಗ ಅಂಟೋದಿಲ್ಲ ಅನ್ನೋದು ನಿಜ. ಅದನ್ನು ಹೇಳಬೇಕು. ಕುಷ್ಠ ಇದ್ದೋರನ್ನೂ ದೂರ ಇಡಬಾರದು ಅನ್ನೋದನ್ನ ಅದೇ ಉಸಿರಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಇದು ನಾನು ನುಂಗಿದ ನಾಲ್ಕನೇ ಮಾತು.

ಈ ಅಂಜಿಕೆಯೇ ಪತ್ತೆಯನ್ನೂ ತಡ ಮಾಡುತ್ತದೆ. ಕುಷ್ಠ ಅಂತ ಬಂದ್ರೆ ಏನ್ ಗತಿ ಅಂತ ಚಿಗವ್ವನ ಮನೆಯವರು ಒಂದು ವರ್ಷ ಚರ್ಮದ ಡಾಕ್ಟರ್ ಹತ್ತಿರ ಹೋಗಿರಲೇ ಇಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ ಯಾರೂ ಏನೂ ಅನ್ನಲ್ಲ ನೋಡಿ. ಎರಡು ಒಳ್ಳೇ ಹಲ್ಲು ಹೋಗಿದ್ದು ಹೀಗೆ.

ನಾವು ಏನು ಮಾಡಬಹುದು

‘ಡಾಕ್ಟರ್‌ಗಳೇ ಕೇಳಬೇಕು, ಅದು ಅವರ ಕೆಲಸ’ ಅಂತ ನೀವು ಅನ್ನಬಹುದು. ಅರ್ಧ ಒಪ್ತೀನಿ. ಅಪರೂಪದ ರೋಗಗಳಿಗೆ ಅಂತ 2021ರಲ್ಲಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ನೀತಿ ತಂದಿದೆ. ಇಂಥ ರೋಗಗಳು ಗೊತ್ತಾಗೋಕೆ ವರ್ಷಗಳೇ ಹಿಡಿಯಬಹುದು, ಡಾಕ್ಟರುಗಳಲ್ಲೂ ತಿಳಿವಳಿಕೆ ಕಡಿಮೆ ಅಂತ ಆ ನೀತಿಯೇ ಒಪ್ಪಿಕೊಂಡಿದೆ. ಆದರೆ ಒಂದು ಮುಂಜಾನೆಗೆ ನೂರು ಜನರನ್ನು ನೋಡೋ ಡಾಕ್ಟರಿಗೆ ನಮ್ಮ ಮನೆಯ ಹದಿನೈದು ವರ್ಷದ ಹಿಂದಿನ ಸಂಗತಿ ನಾವು ಹೇಳದೆ ಗೊತ್ತಾಗಲ್ಲ. ಅದು ಇರೋದು ಆಯಿಯ ನೆನಪಿನಲ್ಲಿ, ಹಳೇ ಫೋಟೋದಲ್ಲಿ, ಸೀರೆ ಅಂಗಡಿ ಚೀಲದಲ್ಲಿ.

ನಮ್ಮೂರಿನ ಫ.ಗು. ಹಳಕಟ್ಟಿಯವರ ಹೆಸರು ಗೊತ್ತಿಲ್ಲದವರು ಯಾರೂ ಇಲ್ಲ. ಮನೆಮನೆಯ ಜಂತಿ, ಗೂಡುಗಳಲ್ಲಿ ಚದುರಿ ಬಿದ್ದಿದ್ದ ತಾಳೆಗರಿಗಳನ್ನು ಹುಡುಕಿ, ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಅವರ ಊರಿನಲ್ಲಿ ಓದೋ ನಾವು ಒಂದು ಮನೆಯ ಒಬ್ಬ ರೋಗಿಯ ಚೀಟಿಗಳನ್ನು ಜೋಡಿಸೋಕಾಗಲ್ವಾ?

ನಾನು ತಪ್ಪು ಮಾಡಿ ಕಲಿತದ್ದು ಇಷ್ಟು.

1. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ. ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ, ಒಂದಕ್ಷರ ಬಿಡದೆ. ಅನುವಾದ ಆಮೇಲೆ. ‘ಗಾಳಿ ಬಡದಿತ್ತು’ ಅಂದರೆ ‘ಏನಾಗಿತ್ತು, ತೋರಿಸು’ ಅಂತ ಕೇಳಿ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ತೀರ್ಮಾನ ಮಾಡೋ ಹಕ್ಕು ನಡುವೆ ನಿಂತವನಿಗೆ ಇಲ್ಲ.

2. ಬಾವು ಬಂದಾಗ ಒಂದು, ಇಳಿದಾಗ ಒಂದು ಫೋಟೋ. ಅದೇ ಜಾಗ, ಅದೇ ಬೆಳಕು. ಫೋನ್ ತಾರೀಖು ತಾನೇ ಇಟ್ಟುಕೊಳ್ಳುತ್ತದೆ. ಡಾಕ್ಟರ್ ಹತ್ತಿರ ಹೋದ ದಿನವೇ ಬಾವು ಇಳಿದಿರೋದು ಎಲ್ಲರಿಗೂ ಆಗೋ ಅನುಭವ. ಚಿಗವ್ವನ ವಿಷಯದಲ್ಲಿ ಹಬ್ಬ-ಹುಟ್ಟುಹಬ್ಬಗಳ ಫೋಟೋ ಜೋಡಿಸಿದಾಗಲೇ, ಬಾವು ಎಂದಿನಿಂದ ಪೂರ್ತಿ ಇಳಿಯೋದು ಬಿಟ್ಟಿತು ಅಂತ ತಿಳಿದಿದ್ದು.

3. ಹೆಸರಿಲ್ಲದ ಸೂಜಿ ಬೇಡ. ಏನು ಕೊಟ್ರಿ ಅಂತ ಕೇಳಿ, ಚೀಟಿ ಮೇಲೆ ಬರೆಸಿಕೊಳ್ಳಿ. ಬರೆಯೋಲ್ಲ ಅಂದ್ರೆ ಎದ್ದು ಬನ್ನಿ.

4. ಬಯಾಪ್ಸಿ ಆದರೆ ರಿಪೋರ್ಟ್ ಜೊತೆ ಅದರ ನಂಬರನ್ನೂ ಇಟ್ಟುಕೊಳ್ಳಿ. ಆ ಚೂರನ್ನು ಮೇಣದ ಬ್ಲಾಕ್ ಮಾಡಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಬೇರೆ ಡಾಕ್ಟರ್ ಮತ್ತೆ ನೋಡಬೇಕು ಅಂದ್ರೆ ಕೇಳಿ ತರಬಹುದು.

5. ಕಾಗದ ಕಳೆಯುತ್ತದೆ, ಸ್ಕ್ಯಾನ್ ಮಾಡಿ ಇಡಿ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ಆಭಾ ನಂಬರ್ ಇರೋದೇ ಇದಕ್ಕೆ. ಮನೆಯ ಹಿರಿಯರಿಗೆ ಮಾಡಿಸಿಕೊಡೋದು ನಮಗೆ ಹತ್ತು ನಿಮಿಷದ ಕೆಲಸ.

6. ಕಾಯಬಾರದ ಎರಡು ಸಂದರ್ಭ ಇವೆ. ಬಾವಿನ ಜೊತೆ ಉಸಿರಾಡೋಕೆ, ನುಂಗೋಕೆ ತ್ರಾಸ ಆದರೆ ತಕ್ಷಣ 108. ಬಾಯಿ ಹೊಸದಾಗಿ ವಾಲಿದರೂ ಅದೇ ಕ್ಷಣ ದವಾಖಾನೆ, ಯಾಕಂದ್ರೆ ಅದು ಮಿದುಳಿನ ಪಾರ್ಶ್ವವಾಯುವೂ ಆಗಿರಬಹುದು. ಎಲೆ ಔಷಧಕ್ಕೆ ಓಡಬೇಡಿ.

ಕೊನೆಗೆ ನಮ್ಮ ಕನ್ನಡ ಸಂಘಕ್ಕೆ ಒಂದು ವಿನಂತಿ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಭಾಷಣ ಸ್ಪರ್ಧೆ, ಹಾಡಿನ ಸ್ಪರ್ಧೆ ಇಡ್ತೀವಿ. ಇರಲಿ. ಈ ಸಲ ಅದರ ಜೊತೆ ಇನ್ನೊಂದು ಮಾಡೋಣ. ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರ ಹತ್ತಿರ ಕೂತು, ಬೇನೆಗೆ ಅವರು ಬಳಸೋ ಹತ್ತು ಮಾತು ಬರೆದು ತರೋಣ. ಜೋಮು ಹಿಡಿಯೋದು, ಚಳಕು ಹೊಡೆಯೋದು, ಸಿಡಿಯೋದು, ಕಣ್ಣಿಗೆ ಕತ್ತಲೆ ಕಟ್ಟೋದು, ಹೊಟ್ಟೆ ತೊಳಸೋದು, ಗಾಳಿ ಬಡಿಯೋದು. ಇಂಡಿಯವರ ಮಾತು, ಸಿಂದಗಿಯವರ ಮಾತು, ಬಬಲೇಶ್ವರದವರ ಮಾತು. ಪಕ್ಕದಲ್ಲಿ ಅದು ದೇಹದಲ್ಲಿ ಏನು, ಎಲ್ಲಿ, ಎಷ್ಟೊತ್ತು ಅಂತ. ನಮ್ಮ ಊರಲ್ಲೇ ಮೆಡಿಕಲ್ ಕಾಲೇಜುಗಳಿವೆ, ದೂರದ ರಾಜ್ಯಗಳಿಂದ ಬಂದು ಓದೋರಿದ್ದಾರೆ. ಅವರ ಕೈಗೆ ಆ ಪಟ್ಟಿ ಕೊಟ್ಟರೆ ಮುಂದೊಂದು ದಿನ ಯಾರದೋ ಚಿಗವ್ವಗೆ ಎಂಟು ತಿಂಗಳು ಉಳಿಯಬಹುದು. ಆ್ಯಪ್ ಮಾಡ್ತೀನಿ ಅನ್ನೋ ಗೆಳೆಯರು ಮಾಡಲಿ. ಆದರೆ ಮೊದಲು ಮಾತು ಕೂಡಿಸಬೇಕು, ಅದಕ್ಕೆ ಕೋಡಿಂಗ್ ಬೇಡ, ಆಯಿಯ ಪಕ್ಕ ಕೂರೋ ತಾಳ್ಮೆ ಸಾಕು.

ಚಿಗವ್ವ ಈಗ ಹೇಗಿದ್ದಾಳೆ ಅಂತ ಕೇಳ್ತೀರಿ. ಬಾವು ಮುಕ್ಕಾಲು ಇಳಿದಿದೆ. ಪೂರ್ತಿ ಹೋಗುತ್ತೆ ಅಂತ ಡಾಕ್ಟರಮ್ಮ ಮಾತು ಕೊಟ್ಟಿಲ್ಲ. ಇದು ಮರಳಿ ಬರೋ ಜಾತಿಯ ರೋಗ, ವರ್ಷಗಟ್ಟಲೆ ಕಣ್ಣಿಡಬೇಕು ಅಂದಿದ್ದಾರೆ. ಅಕ್ಕನ ಸಂಬಂಧ ಹೋಯಿತು. ಅವಳು ಬಿ.ಎಡ್ ಸೇರಿದಾಳೆ, ಅವರ ಸುದ್ದಿ ತೆಗೆದ್ರೆ ನಗ್ತಾಳೆ. ಅವತ್ತು ಹೇಳದೇ ಹೋದದ್ದನ್ನು ನಾನು ಚಿಗವ್ವಗೆ ಒಪ್ಪಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಇನ್ನ ಮ್ಯಾಲ ನಾನೇ ಬರೀತೀನಿ ಬಿಡೋ’ ಅಂದಳು.

ಹೋದ ವಾರ ದವಾಖಾನೆಗೆ ಬಂದಾಗ ಚೀಲದಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದಳು. ಮೂರನೇ ಇಯತ್ತೆ ಓದಿದ ಕೈಬರಹ. ‘ಸೋಮಾರ. ಮುಂಜಾನಿ ಮ್ಯಾಲಿನ ತುಟಿ ಬಾತು. ಸಂಜಿಗಿ ಅರ್ಧ ಇಳೀತು. ಖಾರ ತಿಂದಿಲ್ಲ. ಪಡಕ್ಕ ಹೋಗಿಲ್ಲ.’ ಡಾಕ್ಟರಮ್ಮ ಎರಡು ಪುಟ ಪೂರ್ತಿ ಓದಿದರು, ಒಂದು ಸಾಲಿಗೆ ಗೆರೆ ಹಾಕಿದರು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ.